ಟರ್ಫ್ ಮುಟ್ಟೋಕೆ ಮೊದಲು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ. ಮನೇಲಿ ಆಟ ಆಡೋ ಮಕ್ಕಳಿದ್ರೆ ಅವರ ಅಪ್ಪ ಅಮ್ಮಂಗೂ ಓದಿ ಹೇಳಿ.

ವಂದನಾ ಕಟಾರಿಯಾ ಅವರ ಮನೆ ಮುಂದೆ ಪಟಾಕಿ ಹೊಡೆದದ್ದು ನಿಮಗೆ ನೆನಪಿರಬೇಕು. 2021ರ ಆಗಸ್ಟ್ 4. ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ನಮ್ಮ ಮಹಿಳಾ ಹಾಕಿ ತಂಡ ಅರ್ಜೆಂಟೀನಾ ಎದುರು 1-2ರಲ್ಲಿ ಸೋತಿತ್ತು. ದೇಶಕ್ಕೆ ದೇಶವೇ ಬೇಜಾರಲ್ಲಿರುವಾಗ, ಹರಿದ್ವಾರದ ರೋಷನಾಬಾದ್‌ನಲ್ಲಿ ಆಕೆಯ ಮನೆ ಎದುರು ಕೆಲವರು ಪಟಾಕಿ ಸಿಡಿಸಿ ಕುಣಿದರು. ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತಿದ್ದು ಅಂತ ಜಾತಿ ಹಿಡಿದು ಬೈದರು ಎಂದು ಕುಟುಂಬದವರು ದೂರು ಕೊಟ್ಟರು. ದೌರ್ಜನ್ಯ ತಡೆ ಕಾಯ್ದೆಯಡಿ ಕೇಸ್ ಆಯ್ತು.

ಅದಕ್ಕೆ ನಾಲ್ಕು ದಿನ ಹಿಂದೆ, ಜುಲೈ 31ಕ್ಕೆ, ಇದೇ ವಂದನಾ ದಕ್ಷಿಣ ಆಫ್ರಿಕಾ ಎದುರು ಮೂರು ಗೋಲು ಹೊಡೆದಿದ್ರು. ತಂಡ 4-3ರಲ್ಲಿ ಗೆದ್ದಿತ್ತು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ ಅವರು. ಮನೆ ಮುಂದೆ ಪಟಾಕಿ ಹೊಡೆದ ಎರಡು ದಿನಕ್ಕೆ, ಆಗಸ್ಟ್ 6ರಂದು, ಕಂಚಿನ ಪದಕದ ಪಂದ್ಯದಲ್ಲಿ ಬ್ರಿಟನ್ ಎದುರು ಇನ್ನೊಂದು ಗೋಲು ಹೊಡೆದರು. ಆ ಪಂದ್ಯ 3-4ರಲ್ಲಿ ಕೈತಪ್ಪಿತು. 2025ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳುವ ಹೊತ್ತಿಗೆ ಅವರ ಲೆಕ್ಕ 320 ಪಂದ್ಯ, 158 ಗೋಲು. ದೇಶದ ಮಹಿಳಾ ಹಾಕಿಯಲ್ಲಿ ಅಷ್ಟು ಪಂದ್ಯ ಆಡಿದವರು ಅದುವರೆಗೆ ಯಾರೂ ಇರಲಿಲ್ಲ.

ಆ ಬೈಗುಳವನ್ನು ಎಲ್ಲರೂ ಖಂಡಿಸಿದರು, ಸರಿ. ಆದ್ರೆ ಅದರೊಳಗೆ ಕೂತಿರೋ ನಂಬಿಕೆ ಇದೆಯಲ್ಲ, ಅದು ಹರಿದ್ವಾರದಲ್ಲಿ ಮಾತ್ರ ಇಲ್ಲ. ನಾನು ಕೆಲಸ ಮಾಡೋ ಕಚೇರಿಯ ಕ್ಯಾಂಟೀನ್‌ನಲ್ಲೂ ಇದೆ. 'ಆಟದಲ್ಲಾದ್ರೂ ಮೆರಿಟ್ ಉಳಿದಿದೆ ಬಿಡಿ, ಅಲ್ಲಿ ಮೀಸಲಾತಿ ತರಬೇಡಿ' ಅಂತ ಟೀ ಹೀರ್ತಾ ಹೇಳ್ತಾರೆ. ಹಾಗಾದ್ರೆ ಹಾಕಿ ತಂಡಕ್ಕೆ ಒಂದು ಮಗು ಹೇಗೆ ಸೇರುತ್ತೆ ಅಂತ ಒಂದ್ಸಲ ಲೆಕ್ಕ ಹಾಕಿ ನೋಡೋಣ. ನಾನು ಗುಮಾಸ್ತ. ಫೈಲು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತೆ ಅಂತ ನೋಡೋದೇ ನನ್ನ ಕೆಲಸ.

ಮೊದಲು ಕೊನೆಯ ಬಾಗಿಲು ನೋಡಿ, ಹರಾಜು. ಹಾಕಿ ಇಂಡಿಯಾ ಲೀಗ್ 2017ಕ್ಕೆ ನಿಂತುಹೋಗಿತ್ತು. ಮತ್ತೆ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ಹರಾಜಿನಿಂದ. ಪುರುಷರ ತಂಡ ಎಂಟು. ಮಹಿಳೆಯರಿಗೆ ಇದೇ ಮೊದಲ ಲೀಗ್, ಆಡಿದ್ದು ನಾಲ್ಕು ತಂಡ. ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ, ಮಹಿಳೆಯರಲ್ಲಿ ಉದಿತಾಗೆ 32 ಲಕ್ಷ. ಮೂಲ ಬೆಲೆ ಮೂರು ದರ್ಜೆ: 2 ಲಕ್ಷ, 5 ಲಕ್ಷ, 10 ಲಕ್ಷ. ಪೇಪರ್‌ನವರು 78 ಲಕ್ಷದ ಫೋಟೋ ಹಾಕಿದರು. ನನ್ನ ಕಣ್ಣಿಗೆ ಬಿದ್ದದ್ದು ನಿಯಮ.

ಆ ಹರಾಜಿನಲ್ಲಿ ಒಂದು ತಂಡಕ್ಕೆ 24 ಆಟಗಾರರು. ಅದರಲ್ಲಿ ಕನಿಷ್ಠ 16 ಜನ ಭಾರತೀಯರೇ ಇರಬೇಕಿತ್ತು. ಆ ಪೈಕಿ 4 ಜನ ಜೂನಿಯರ್‌ಗಳು ಕಡ್ಡಾಯವಾಗಿತ್ತು. ಉಳಿದ 8 ಸ್ಥಾನ ವಿದೇಶಿಯರಿಗೆ.

ಇದನ್ನ ನಮ್ಮ ಕ್ಯಾಂಟೀನ್ ಭಾಷೆಯಲ್ಲಿ ಏನಂತಾರೆ? ಮೀಸಲಾತಿ! ನಿಯಮ ಇಲ್ಲದೇ ಹೋಗಿದ್ರೆ ಬಂಡವಾಳ ಹಾಕಿದವನು ಜರ್ಮನಿ, ಬೆಲ್ಜಿಯಂ, ಆಸ್ಟ್ರೇಲಿಯಾದಿಂದ ಇನ್ನಷ್ಟು ಜನರನ್ನ ತರಿಸ್ಕೊತಿದ್ದ. ಹತ್ತೊಂಬತ್ತು ವರ್ಷದ ಸಿಮ್ಡೇಗಾ ಹುಡುಗನ್ನೋ ಸುಂದರ್‌ಗಢದ ಹುಡುಗಿಯನ್ನೋ ಯಾರು ಕೇಳ್ತಿದ್ರು? ಎಳೆಯ ಆಟಗಾರರು ದೊಡ್ಡವರ ಪಕ್ಕ ನಿಂತು ಕಲೀಬೇಕು, ಅದಕ್ಕೆ ಜಾಗ ಕಾಯ್ದಿರಿಸಬೇಕು ಅಂತ ನಿಯಮ ಮಾಡಿದವರಿಗೆ ಗೊತ್ತಿತ್ತು. ಇದ್ರಿಂದ ಹಾಕಿಯ ಮೆರಿಟ್ ಹಾಳಾಯ್ತು ಅಂತ ಒಬ್ಬರೂ ಬೊಬ್ಬೆ ಹೊಡೀಲಿಲ್ಲ. ಒಳ್ಳೆ ನಿಯಮ, ನಾನೂ ಮೆಚ್ಚಿಕೊಂಡೆ. ಇದೇ ತರ್ಕವನ್ನ ಬಾಬಾಸಾಹೇಬರು ಹೇಳಿದ್ರೆ ಮಾತ್ರ ಯಾಕೆ ಗಂಟಲಲ್ಲಿ ಇಳಿಯಲ್ಲ?

ಈಗ ಆ 4 ಜೂನಿಯರ್ ಸ್ಥಾನಕ್ಕೆ ಬರೋ ಮಗು ಎಲ್ಲಿಂದ ಬರುತ್ತೆ ನೋಡಿ.

ಹಾಕಿ ಇಂಡಿಯಾ ಪ್ರತಿ ವರ್ಷ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸುತ್ತೆ. ಸಬ್ ಜೂನಿಯರ್ ಅಂದ್ರೆ 16ರೊಳಗೆ, ಜೂನಿಯರ್ ಅಂದ್ರೆ 19ರೊಳಗೆ, ಆಮೇಲೆ ಸೀನಿಯರ್. ಆಯ್ಕೆಗಾರರು ನೋಡೋದು ಅಲ್ಲಿ. ಅಲ್ಲಿ ಕಣ್ಣಿಗೆ ಬಿದ್ದವರಿಗೆ ಜೂನಿಯರ್ ಶಿಬಿರ, 21ರೊಳಗಿನವರ ಜೂನಿಯರ್ ವಿಶ್ವಕಪ್, ಆಮೇಲೆ ಸೀನಿಯರ್ ಶಿಬಿರ. ಆ ಶಿಬಿರ ಹೆಚ್ಚಾಗಿ ನಡೆಯೋದು ನಮ್ಮ ಬೆಂಗಳೂರಲ್ಲೇ, ಜ್ಞಾನಭಾರತಿ ಹತ್ತಿರದ ಸಾಯ್ ಕೇಂದ್ರದಲ್ಲಿ. ಮೈಸೂರು ರಸ್ತೆಯಲ್ಲಿ ಬಸ್ಸಲ್ಲಿ ಹೋಗುವಾಗ ನೀವು ದಾಟಿ ಹೋಗೋದು ದೇಶದ ಹಾಕಿಯ ಅಡುಗೆಮನೆಯನ್ನ. 2021ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡ ಸುದ್ದಿ ವಂದನಾಗೆ ಮುಟ್ಟಿದ್ದು ಇದೇ ಶಿಬಿರದಲ್ಲಿ. ಕೋವಿಡ್ ಕಾಲ, ಹೊರಗೆ ಹೋದ್ರೆ ತರಬೇತಿ ತಪ್ಪುತ್ತೆ. ಆಕೆ ಮಣ್ಣಿಗೆ ಹೋಗಲಿಲ್ಲ. ಊರವರು ಬೇಡ ಅಂದಾಗಲೂ ಮಗಳನ್ನ ಆಟಕ್ಕೆ ಕಳಿಸಿದ ಅಪ್ಪ ಅದು.

ಶಿಬಿರದಲ್ಲಿ ಮೂವತ್ತು ನಲವತ್ತು ಜನ ಇರ್ತಾರೆ. ಒಲಿಂಪಿಕ್ಸ್‌ಗೆ ಹೋಗೋದು 16. ವೇಗ, ದಮ್ಮು, ಚೆಂಡನ್ನ ಮೊದಲ ಸಲ ತಡೆದಾಗ ಅದು ಕೋಲಿನ ಹತ್ತಿರವೇ ಉಳಿಯುತ್ತಾ, ಚೆಂಡಿಲ್ಲದಾಗ ಎಲ್ಲಿ ನಿಲ್ತೀಯ, ಎಲ್ಲ ಅಳೀತಾರೆ. ಇಲ್ಲಿ ಜಾತಿ ಕೇಳಲ್ಲ. ಈ ಹಂತ ಇದ್ದುದರಲ್ಲಿ ನ್ಯಾಯವಾಗಿದೆ ಅಂತ ನಾನು ಒಪ್ತೀನಿ.

ಆದ್ರೆ ಅಳೆಯೋ ಪಟ್ಟಿ ಇಟ್ಟಿರೋದು ಟರ್ಫ್ ಮೇಲೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನ ಕೃತಕ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಬಿತ್ತು. 1928ರಿಂದ ಒಂದ್ಸಲವೂ ಪದಕ ಇಲ್ಲದೆ ಬರದ ದೇಶ ಬರಿಗೈಲಿ ಬಂತು. ಮಣ್ಣಿನ ಮೇಲೆ ಚೆಂಡು ಪುಟಿಯುತ್ತೆ, ಮಗು ಕೋಲನ್ನ ಎತ್ತಿ ಹಿಡಿದು ತಡೆಯೋಕೆ ಕಲಿಯುತ್ತೆ. ಟರ್ಫ್ ಮೇಲೆ ಚೆಂಡು ಜಾರಿಕೊಂಡು ಬರುತ್ತೆ, ಬಗ್ಗಿ ನೆಲಕ್ಕೆ ಕೋಲು ಇಟ್ಟು ಆಡಬೇಕು. ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆಯೋ ಡ್ರ್ಯಾಗ್ ಫ್ಲಿಕ್ ಅಂತೂ ಮಣ್ಣಲ್ಲಿ ಕಲಿಯೋಕೆ ಆಗದ ವಿದ್ಯೆ. ಹಾಗಾಗಿ ಹನ್ನೆರಡು ವರ್ಷಕ್ಕೆ ಟರ್ಫ್ ಮುಟ್ಟಿದವಳಿಗೂ ಹದಿನೇಳಕ್ಕೆ ಮುಟ್ಟಿದವಳಿಗೂ ಇರೋ ಅಂತರವನ್ನ ಆಯ್ಕೆಗಾರ 'ಪ್ರತಿಭೆ' ಅಂತ ಬರ್ಕೊತಾನೆ. ಅವನ ತಪ್ಪಲ್ಲ. ಅವನ ಕಣ್ಣಿಗೆ ಕಾಣೋದು ಅಷ್ಟೇ.

ಟರ್ಫ್ ಹಾಸೋಕೆ ಕೋಟಿಗಟ್ಟಲೆ ಬೇಕು, ಆಮೇಲೆ ನೀರು ಹೊಡೀತಾನೇ ಇರಬೇಕು. ಅದು ಇರೋದು ಜಿಲ್ಲಾ ಕೇಂದ್ರದಲ್ಲಿ ಇಲ್ಲಾ ದೊಡ್ಡ ಊರಲ್ಲಿ. ಕೂಲಿ ಮಾಡೋರ ಮಗು ದಿನಾ ಬಸ್ ಹತ್ತಿ ಅಲ್ಲಿಗೆ ಹೋಗಿ ಬರೋಕೆ ಆಗುತ್ತಾ? ಅದಕ್ಕೇ ನಾನು ಹೇಳೋದು, ಹಾಕಿಯಲ್ಲಿ ನಿಜವಾದ ಆಯ್ಕೆ ನಡೆಯೋದು ಹತ್ತರಿಂದ ಹದಿನಾಲ್ಕನೇ ವಯಸ್ಸಿನ ನಡುವೆ, ಯಾವ ಮಗುವಿಗೆ ಟರ್ಫ್ ಪಕ್ಕದಲ್ಲಿ ಒಂದು ಹಾಸಿಗೆ ಮತ್ತು ಮೂರು ಹೊತ್ತು ಊಟ ಸಿಗುತ್ತೆ ಅನ್ನೋದರಲ್ಲಿ.

ಹಾಕಿ ಆಟಗಾರರನ್ನ ಹೆತ್ತ ಊರುಗಳನ್ನ ನೋಡಿ, ಎಲ್ಲೆಲ್ಲೂ ಇದೇ ಕತೆ.

ಒಡಿಶಾದ ಸುಂದರ್‌ಗಢ ಜಿಲ್ಲೆಯಲ್ಲಿ ಸೌನಾಮಾರಾ ಅಂತ ಒಂದು ಹಳ್ಳಿ. ದಿಲೀಪ್ ಟಿರ್ಕಿ ಅಲ್ಲಿಯವರು. ಎರಡು ಒಲಿಂಪಿಕ್ ಕಂಚು ಗೆದ್ದ ಅಮಿತ್ ರೋಹಿದಾಸ್ ಅಲ್ಲಿಯವರೇ. ಆ ಕಡೆ, ಪಕ್ಕದ ಜಾರ್ಖಂಡ್‌ನ ಸಿಮ್ಡೇಗಾ ಕಡೆ, ಆದಿವಾಸಿ ಹಳ್ಳಿಗಳಲ್ಲಿ ಟೂರ್ನಮೆಂಟ್ ಗೆದ್ದವರಿಗೆ ಬಹುಮಾನ ಆಡು. ಗೆದ್ದ ಊರು ಅವತ್ತು ರಾತ್ರಿ ಬಾಡೂಟ ಮಾಡುತ್ತೆ. ಮಕ್ಕಳು ಬಿದಿರು ಕೋಲು ಬಗ್ಗಿಸಿಕೊಂಡು ಆಡ್ತಾರೆ. 2024ರಲ್ಲಿ ಭಾರತ ತಂಡದ ನಾಯಕಿಯಾದ ಸಲೀಮಾ ಟೇಟೆ ಸಿಮ್ಡೇಗಾದ ಬಡ್ಕಿಛಾಪರ್ ಹಳ್ಳಿಯ ಅಂಥದ್ದೇ ಮಣ್ಣಿನಲ್ಲಿ ಆಡಿ ಬಂದವರು. 'ಆದಿವಾಸಿಗಳ ರಕ್ತದಲ್ಲೇ ಹಾಕಿ ಇದೆ, ದಮ್ಮು ಜಾಸ್ತಿ' ಅಂತ ಟಿವಿಯವರು ಹೊಗಳ್ತಾರೆ. ರಕ್ತದಲ್ಲಿದ್ರೆ ಹಾಸ್ಟೆಲ್ ಯಾಕೆ ಬೇಕಿತ್ತು? ಅಮಿತ್ ರೋಹಿದಾಸ್ ರೂರ್ಕೆಲಾದ ಪಾನ್‌ಪೋಶ್ ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದರು. ಸಲೀಮಾ ಸಿಮ್ಡೇಗಾದ ವಸತಿ ತರಬೇತಿ ಕೇಂದ್ರದಿಂದ ಬಂದರು. ವಂದನಾ ಮೀರತ್‌ಗೆ ಹೋಗಿ, ಆಮೇಲೆ ಲಖನೌ ಹಾಸ್ಟೆಲ್ ಸೇರಿದರು. ಹರಿಯಾಣದ ಶಹಾಬಾದ್‌ನಲ್ಲಿ ಗಾಡಿ ಎಳೆಯೋರ ಮಗಳು ರಾಣಿ ರಾಂಪಾಲ್‌ಗೆ ಬಲದೇವ್ ಸಿಂಗ್ ಅನ್ನೋ ಗುರು ಸಿಕ್ಕರು. ಅಕಾಡೆಮಿಗೆ ದಿನಾ ಹಾಲು ತಗೊಂಡು ಹೋಗಬೇಕಿತ್ತು, ಮನೇಲಿ ಅಷ್ಟು ಹಾಲು ಕೊಳ್ಳೋಕೆ ಆಗ್ತಿರಲಿಲ್ಲ, ನೀರು ಬೆರೆಸಿ ಒಯ್ತಿದ್ದೆ ಅಂತ ರಾಣಿಯೇ ಹೇಳಿಕೊಂಡಿದ್ದಾರೆ.

ನಮ್ಮ ಕೊಡಗನ್ನೇ ತಗೊಳ್ಳಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಪಟ್ಟಿ ಉದ್ದ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಈಗ ಮುನ್ನೂರಕ್ಕೂ ಮಿಕ್ಕಿ ಒಕ್ಕಗಳು ಆಡ್ತವೆ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ. ಒಂದು ಸಮಾಜ ತನ್ನ ಮಕ್ಕಳ ಕೈಗೆ ಕೋಲು ಕೊಟ್ಟು, ಚಪ್ಪಾಳೆ ತಟ್ಟಿ ಬೆಳೆಸಿದ್ರೆ ಆಟಗಾರರು ಹುಟ್ತಾರೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. ಅದನ್ನ ನಾನು ಗೌರವದಿಂದಲೇ ನೋಡ್ತೀನಿ. ಅವರಿಗೆ ಒಕ್ಕ ಇದೆ. ಅದೇ ಜಿಲ್ಲೆಯ ಕಾಫಿ ತೋಟದ ಲೈನ್ ಮನೆಗಳಲ್ಲಿ ಇರೋ ಯರವ ಮಕ್ಕಳಿಗೆ, ನಮ್ಮ ಕೇರಿಯ ಮಕ್ಕಳಿಗೆ ಆ ಒಕ್ಕದ ಜಾಗದಲ್ಲಿ ಯಾರು ನಿಲ್ಲಬೇಕು? ಸರ್ಕಾರಿ ಕ್ರೀಡಾ ಹಾಸ್ಟೆಲ್ಲೇ ನಿಲ್ಲಬೇಕು. ಕೂಡಿಗೆ, ಪೊನ್ನಂಪೇಟೆಯಂಥ ಕಡೆ ಅದು ಇದೆ. ಹಾಗಾದ್ರೆ ಅಲ್ಲಿಗೆ ಮಕ್ಕಳು ಮುಟ್ಟೋದು ಹೇಗೆ?

ಇದು ಪುಸ್ತಕದಲ್ಲಿ ಓದಿ ಹೇಳ್ತಿರೋದಲ್ಲ. ನಮ್ಮ ಕೇರಿಯ ಒಂದು ಹುಡುಗಿ. ಹೆಸರು ಬೇಡ. ಅಪ್ಪ ಪೌರಕಾರ್ಮಿಕ, ಅಮ್ಮ ಮನೆಗೆಲಸ. ಏಳನೇ ಕ್ಲಾಸಲ್ಲಿ ಅವರ ಶಾಲೆಯ ಪಿ.ಟಿ. ಮೇಷ್ಟ್ರು ಹಾಕಿ ಹಿಡಿಸಿದ್ರು. ಇಡೀ ಶಾಲೆಗೆ ಒಂಬತ್ತು ಕೋಲು, ಅದರಲ್ಲಿ ಎರಡಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ಹೋಗಿತ್ತು. ಹುಡುಗಿ ಓಡೋದು ನೋಡಿದ್ರೆ ಮೈ ಜುಮ್ ಅನ್ನುತ್ತೆ. ಚೆಂಡು ಕಿತ್ಕೊಂಡ ಮೇಲೆ ತಲೆ ಎತ್ತಿ ನೋಡ್ತಾಳೆ. ಬಹಳ ಮಕ್ಕಳು ಚೆಂಡನ್ನೇ ನೋಡ್ತಾ ಓಡ್ತಾರೆ, ಇವಳು ಹಾಗಲ್ಲ ಅಂತ ಮೇಷ್ಟ್ರೇ ಹೇಳಿದ್ರು.

ಮೊದಲ ವರ್ಷ ಹಾಸ್ಟೆಲ್ ಆಯ್ಕೆಯ ಸುತ್ತೋಲೆ ಬಂದದ್ದು ಆಯ್ಕೆ ಮುಗಿದ ಮೂರನೇ ದಿನಕ್ಕೆ. ಯಾವ ಕಚೇರಿ ಅಂತ ಹೇಳಲ್ಲ. ಟಪಾಲು ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗೋಕೆ ಎಷ್ಟು ದಿನ ತಗೊಳುತ್ತೆ ಅಂತ ನನಗೆ ಗೊತ್ತು. ಆ ಸುತ್ತೋಲೆ ದುರುದ್ದೇಶದಿಂದ ತಡ ಆಗಿರಲಿಕ್ಕಿಲ್ಲ. ಆದ್ರೆ ಪೇಟೆಯ ಖಾಸಗಿ ಶಾಲೆಯ ಮಕ್ಕಳ ಅಪ್ಪಂದಿರಿಗೆ ವಾಟ್ಸಪ್ಪಲ್ಲಿ ಅದು ವಾರ ಮುಂಚೆನೇ ಮುಟ್ಟಿತ್ತು. ಗೊತ್ತಿರೋರಿಗೆ ಗೊತ್ತಾಗುತ್ತೆ. ಬಾಯಿಬಿಟ್ಟು ಜಾತಿ ಹೆಸರು ಹೇಳದೆಯೂ ಜಾತಿ ಕೆಲಸ ಮಾಡೋದು ಹೀಗೆ.

ಎರಡನೇ ವರ್ಷ ದಿನಾಂಕ ಗೊತ್ತಾಯ್ತು. ಈಗ ದಾಖಲೆ. ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲ, 'ಹೆಣ್ಣು' ಅಂತ ಮಾತ್ರ. ಶಾಲೆಯ ದಾಖಲೆಯಲ್ಲಿ ಹುಟ್ಟಿದ್ದು ಜೂನ್ 1. ನಮ್ಮ ಕೇರಿಯಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿರೋದು, ಮೇಷ್ಟ್ರು ಬರೆದ ಹುಟ್ಟು ಅದು! ಆಧಾರ್‌ನಲ್ಲಿ ಜನವರಿ 1. ಮೂರು ಕಾಗದ, ಮೂರು ಹುಟ್ಟು. ಹಾಕಿಯಲ್ಲಿ ವಯಸ್ಸಿನ ವಂಚನೆ ದೊಡ್ಡ ಪಿಡುಗು, ಹಾಗಾಗಿ ಕಾಗದ ಕಟ್ಟುನಿಟ್ಟಾಗಿ ನೋಡ್ತಾರೆ, ನೋಡಲೇಬೇಕು. ಮುಂದೆ ರಾಜ್ಯ ಘಟಕದ ಮೂಲಕ ಹಾಕಿ ಇಂಡಿಯಾದಲ್ಲಿ ಹೆಸರು ನೋಂದಾಯಿಸಿ ಗುರುತಿನ ಸಂಖ್ಯೆ ಪಡೀಬೇಕಾದ್ರೂ ಇದೇ ಹುಟ್ಟಿದ ದಿನಾಂಕ ಬೇಕು. ಮೋಸ ಮಾಡೋರನ್ನ ಹಿಡಿಯೋಕೆ ಹಾಕಿದ ಬಲೆಗೆ ಆಸ್ಪತ್ರೆಯಲ್ಲಿ ಹೆಸರು ಬರೆಸೋಕೆ ಗೊತ್ತಿಲ್ಲದ ತಾಯಿಯ ಮಗಳು ಸಿಕ್ಕಿಬೀಳ್ತಾಳೆ.

ನಾನೂ ಸಂಘದ ಇಬ್ಬರು ಹುಡುಗರೂ ಸೇರಿ ಕೆಲಸ ಹಂಚ್ಕೊಂಡ್ವಿ. ಜನನ ನೋಂದಣಿ ಆಗಿದ್ರೆ ಹದಿನೈದು ವರ್ಷದೊಳಗೆ ಹೆಸರು ಸೇರಿಸಬಹುದು, ಅದನ್ನ ಸೇರಿಸಿದ್ವಿ. ಅದರ ಆಧಾರದ ಮೇಲೆ ಆಧಾರ್ ತಿದ್ದುಪಡಿ, ಆಮೇಲೆ ಶಾಲೆಯ ದಾಖಲೆ. ಎರಡೂವರೆ ತಿಂಗಳು ಹಿಡೀತು. ಮೂರು ದಿನ ಅವರಮ್ಮನ ಕೂಲಿ ಹೋಯ್ತು. ಆಯ್ಕೆ ದಿನ ಶೂ ಇಲ್ಲ, ಪಿ.ಟಿ. ಮೇಷ್ಟ್ರು ತಮ್ಮ ಮಗಳ ಶೂ ತಂದುಕೊಟ್ರು, ಒಂದು ಅಳತೆ ದೊಡ್ಡದು. ಓಟ, ಜಿಗಿತ, ಎತ್ತರ, ತೂಕ ಎಲ್ಲ ಅಳೆದರು. ತೂಕ ಕಮ್ಮಿ ಬಂತು, ಓಟ ಜಾಸ್ತಿ ಬಂತು. ಪಟ್ಟಿಯಲ್ಲಿ ಹೆಸರು ಬಂತು.

ಹಾಸ್ಟೆಲ್ ಸೇರಿ ಎಂಟು ತಿಂಗಳಿಗೆ ಊರಿಗೆ ಬಂದಾಗ ಆರು ಕೆ.ಜಿ. ಜಾಸ್ತಿ ಆಗಿದ್ಲು. ಅವರಮ್ಮ 'ದಿನಾ ಮೊಟ್ಟೆ ಕೊಡ್ತಾರಂತಣ್ಣ' ಅಂದ್ರು. ಆಟದ ಬಗ್ಗೆ ಆ ತಾಯಿ ಕೇಳಿದ ಪ್ರಶ್ನೆ ಒಂದೇ: 'ಇದರಲ್ಲಿ ಕೆಲಸ ಸಿಗುತ್ತಾ?'

ಕೇಳಬೇಕಾದ ಪ್ರಶ್ನೆಯೇ. ಆ ಮೊದಲ ಮಹಿಳಾ ಲೀಗ್‌ನ ನಾಲ್ಕು ತಂಡಕ್ಕೆ ಹದಿನಾರರಂತೆ ಲೆಕ್ಕ ಹಾಕಿದ್ರೆ ದೇಶಕ್ಕೆಲ್ಲ ಇದ್ದದ್ದು 64 ಜಾಗ. ಇಷ್ಟೆಲ್ಲ ಹಾಕಿ ಇತಿಹಾಸ ಇರೋ ಕರ್ನಾಟಕದ ಹೆಸರಲ್ಲಿ ಆ ಲೀಗ್‌ನಲ್ಲಿ ಒಂದು ತಂಡವೂ ಇರಲಿಲ್ಲ. ಹಾಗಾಗಿ ನಮ್ಮ ದೇಶದ ಬಹುಪಾಲು ಹಾಕಿ ಹೆಣ್ಣುಮಕ್ಕಳಿಗೆ ವೃತ್ತಿ ಅಂದ್ರೆ ಹರಾಜಿನ ಚೀಟಿಗಿಂತ ಮೊದಲು ರೈಲ್ವೆಯ ನೇಮಕಾತಿ ಪತ್ರ. ಕ್ರೀಡಾ ಕೋಟಾದಲ್ಲಿ ಕೆಲಸ, ರೈಲ್ವೆ ತಂಡಕ್ಕೆ ಆಟ, ತಿಂಗಳ ಸಂಬಳ. ಇಲ್ಲೂ ಕೋಟಾ ನೋಡಿ. ಇದನ್ನೂ ಯಾರೂ ಬೈಯಲ್ಲ. ಆಟ ನಿಂತ ಮೇಲೂ ಊಟ ನಿಲ್ಲಬಾರದು ಅನ್ನೋ ಒಳ್ಳೆ ಬುದ್ಧಿ ಅದರಲ್ಲಿದೆ. ಆದ್ರೆ ಆ ಕೆಲಸಕ್ಕೂ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಬೇಕು. ಅದಕ್ಕೆ ರಾಜ್ಯ ತಂಡ. ರಾಜ್ಯ ತಂಡಕ್ಕೆ ಟರ್ಫ್. ಟರ್ಫ್‌ಗೆ ಹಾಸ್ಟೆಲ್. ಹಾಸ್ಟೆಲ್‌ಗೆ ಆ ಹೆಸರಿಲ್ಲದ ಜನನ ಪತ್ರ.

ಇನ್ನೊಬ್ಬರ ಹೆಸರು ಇಲ್ಲಿ ಹೇಳಲೇಬೇಕು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತ ಮೊದಲ ಒಲಿಂಪಿಕ್ ಹಾಕಿ ಚಿನ್ನ ಗೆದ್ದಾಗ ನಾಯಕರಾಗಿದ್ದವರು ಜೈಪಾಲ್ ಸಿಂಗ್ ಮುಂಡಾ, ಖೂಂಟಿ ಕಡೆಯ ಆದಿವಾಸಿ. ಮುಂದೆ ಬಾಬಾಸಾಹೇಬರ ಜೊತೆ ಅದೇ ಸಂವಿಧಾನ ಸಭೆಯಲ್ಲಿ ಕೂತು ಆದಿವಾಸಿಗಳ ಹಕ್ಕಿಗೆ ದನಿ ಎತ್ತಿದವರು. ದೇಶದ ಮೊದಲ ಹಾಕಿ ಚಿನ್ನದ ಕತೆಯಲ್ಲೇ ನಾವಿದ್ದೀವಿ. ನಾವು ತಂಡಕ್ಕೆ ಹಿಂಬಾಗಿಲಿಂದ ಬಂದ್ವಿ ಅನ್ನೋರಿಗೆ ಈ ಒಂದು ಹೆಸರು ಸಾಕು.

ಈಗ ಕೆಲಸದ ಮಾತು.

ನಿಮ್ಮ ಊರಿನ ಶಾಲೆಯಲ್ಲಿ ಐದನೇ ಕ್ಲಾಸಿಂದ ಎಂಟನೇ ಕ್ಲಾಸಿನವರೆಗೆ ಚೆನ್ನಾಗಿ ಓಡೋ ಮಕ್ಕಳಿದ್ರೆ, ಅವರ ಜನನ ಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ಇವತ್ತೇ ನೋಡಿ. ಹೆಸರಿನ ಅಕ್ಷರ, ಅಪ್ಪನ ಹೆಸರು, ದಿನಾಂಕ. ಆಯ್ಕೆ ಪ್ರಕಟಣೆ ಬಂದ ಮೇಲೆ ತಿದ್ದೋಕೆ ಸಮಯ ಸಿಗಲ್ಲ. ಜಾತಿ ಮತ್ತು ಆದಾಯ ಪತ್ರ ಚಾಲ್ತಿಯಲ್ಲಿದೆಯಾ ನೋಡಿ.

ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ವರ್ಷದ ಕೊನೆಯಲ್ಲಿ ಒಂದ್ಸಲ ಹೋಗಿ, ಹಾಸ್ಟೆಲ್ ಆಯ್ಕೆ ಯಾವಾಗ ಅಂತ ಕೇಳಿ, ಬರ್ಕೊಂಡು ಬನ್ನಿ. ಸುತ್ತೋಲೆಗೆ ಕಾಯಬೇಡಿ. ಸಂಘದ ಪ್ರತಿ ತಾಲ್ಲೂಕು ಗುಂಪಿನಲ್ಲಿ ಒಬ್ಬರು ಈ ಜವಾಬ್ದಾರಿ ತಗೊಳ್ಳಿ. ಅಂಬೇಡ್ಕರ್ ಜಯಂತಿಗೆ ಬ್ಯಾನರ್ ಕಟ್ಟೋ ದುಡ್ಡಲ್ಲಿ ಈ ಸಲ ಒಂದು ಬ್ಯಾನರ್ ಕಮ್ಮಿ ಮಾಡಿ, ನಿಮ್ಮೂರ ಸರ್ಕಾರಿ ಶಾಲೆಗೆ ನಾಲ್ಕು ಹಾಕಿ ಕೋಲು ಕೊಡಿಸಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಕ್ರೀಡಾ ಹಾಸ್ಟೆಲ್ ಆಯ್ಕೆಯ ದಿನಾಂಕ ಕನಿಷ್ಠ ಒಂದು ತಿಂಗಳು ಮೊದಲು ಪ್ರತಿ ಸರ್ಕಾರಿ ಶಾಲೆಯ, ಪ್ರತಿ ಎಸ್ಸಿ ಎಸ್ಟಿ ವಿದ್ಯಾರ್ಥಿನಿಲಯದ ಗೋಡೆ ಮೇಲೆ ಇರಬೇಕು. ಆಯ್ಕೆಗೆ ಬರೋ ಮಗು ಮತ್ತು ಜೊತೆಗೆ ಬರೋ ಒಬ್ಬರಿಗೆ ಬಸ್ ಚಾರ್ಜು ಕೊಡಬೇಕು. ದಾಖಲೆಯಲ್ಲಿ ವ್ಯತ್ಯಾಸ ಇದ್ರೆ ಮಗುವನ್ನ ವಾಪಸ್ ಕಳಿಸದೆ, ಆಡಿಸಿ ನೋಡಿ, ತಿದ್ದಿ ತರೋಕೆ ಅರವತ್ತು ದಿನ ಕೊಡಬೇಕು. ಇದಕ್ಕೆ ಹೊಸ ಸ್ಟೇಡಿಯಂ ಬೇಕಾಗಿಲ್ಲ. ಒಂದು ಆದೇಶ ಸಾಕು. ಅದರ ಕರಡನ್ನ ನಾನೇ ಟೈಪ್ ಮಾಡಿ ಕೊಡ್ತೀನಿ, ಅದೇ ನನ್ನ ಹೊಟ್ಟೆಪಾಡು.

ಆ ಹುಡುಗಿ ಈಗ ರಾಜ್ಯದ ಸಬ್ ಜೂನಿಯರ್ ಆಯ್ಕೆಗೆ ತಯಾರಾಗ್ತಿದ್ದಾಳೆ. ಆಯ್ಕೆ ಆಗಬಹುದು, ಆಗದೇ ಇರಬಹುದು. ಅವಳಿಗಿಂತ ಚೆನ್ನಾಗಿ ಆಡೋರು ಇದ್ರೆ ಅವರೇ ಹೋಗಲಿ, ನಮ್ಮ ತಕರಾರು ಇಲ್ಲ. ಟರ್ಫ್ ಮೇಲೆ ಸೋಲೋ ಹಕ್ಕು ನಮ್ಮ ಮಕ್ಕಳಿಗೂ ಬೇಕು. ಟಪಾಲಿನಲ್ಲಿ ಸೋಲೋದು ಸಾಕಾಗಿದೆ.

ಕಾಮೆಂಟ್‌ನಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಬರೀರಿ. ಅಲ್ಲಿ ಯಾರಿಗೆ ದಾಖಲೆ ಕೆಲಸದಲ್ಲಿ ಸಹಾಯ ಬೇಕು, ಯಾರು ಮಾಡಬಲ್ಲರು, ಜೋಡಿಸೋಣ.

ಜೈ ಭೀಮ್.